ಬೂದಿಯ ದ್ವೀಪದಲ್ಲಿ ನಮ್ಮ ಯುಗಾದಿ

ಚೌಳಹಿರಿಯೂರಿನಂತಹ ಊರನ್ನು ಬಿಟ್ಟು, ಭೂಮಂಡಲದ ಮತ್ತೊಂದು ಪಕ್ಕದಲ್ಲಿರುವ ಒಂದು ದ್ವೀಪಕ್ಕೆ ಹೋಗಿ, ಅಲ್ಲಿ ಎರಡು ವರ್ಷಗಳ ಕಾಲ ಇದ್ದು ಬಂದವರನ್ನು ಊರಿನವರು ಸುಮ್ಮನೆ ಬಿಡುವುದುಂಟೆ? ದೇವಸ್ಥಾನದ ಜಗುಲಿಯಲ್ಲಿ, ಕಡೂರಿನ ಬಸ್ಸಿಗೆ ಕಾಯುವ ಕಟ್ಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲಿ ಕುಳಿತರೂ ನಮಗೆ ಎದುರಾಗುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಅಲ್ಲಿ ಏನು ಕಂಡಿರಿ?” ಹುಡುಗರಾದರೆ, “ಕ್ರಿಕೆಟ್ಟಿನ ವೆಸ್ಟ್ ಇಂಡೀಸಿಗೇನಾ ಹೋಗಿದ್ದು?” ಎಂದು ಕೇಳುವರು, 2002ರಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ಮುರಿದ ದವಡೆಗೆ ಬಟ್ಟೆ ಕಟ್ಟಿಕೊಂಡು ಚೆಂಡೆಸೆದು ಲಾರಾನನ್ನು ಔಟ್ ಮಾಡಿದ ಕಥೆಯನ್ನು ತಾವೇ ನಮಗೆ ಹೇಳುವರು. ಅದು ಆಂಟಿಗುವಾ ಎಂಬ ಬೇರೆ ದ್ವೀಪ, ನಾವಿದ್ದುದು ಸೇಂಟ್ ವಿನ್ಸೆಂಟ್ ಎಂಬ ಮತ್ತೊಂದು ದ್ವೀಪ, ವೆಸ್ಟ್ ಇಂಡೀಸ್ ಎಂಬುದು ಒಂದು ದೇಶವೇ ಅಲ್ಲ, ಹಲವು ಸಣ್ಣ ದೇಶಗಳು ಆಟಕ್ಕಾಗಿ ಮಾಡಿಕೊಂಡ ಒಕ್ಕೂಟವೆಂದು ಹೇಳಿದರೆ ಅವರ ಉತ್ಸಾಹವು ಅರ್ಧಕ್ಕೆ ಇಳಿಯುವುದು. ಕಂಡದ್ದನ್ನೆಲ್ಲ ಹೀಗೆ ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದರಲ್ಲಿಯೂ ಒಂದು ಸಂಗತಿಯನ್ನು ನಾವು ಈವರೆಗೆ ಯಾರಿಗೂ ಹೇಳಿಲ್ಲ. ಅದನ್ನು ಬರೆದಿಡುವುದು ಮೇಲೆಂದು ತೋರಿದುದರಿಂದ ಈ ಲೇಖನ.

ನಾವು ಎಂದರೆ ದಂಪತಿಗಳಿಬ್ಬರು. ನಮ್ಮಲ್ಲೊಬ್ಬರು ಪ್ರೌಢಶಾಲೆಯಲ್ಲಿ ಗಣಿತವನ್ನು ಹೇಳಿಕೊಟ್ಟವರು. ಮತ್ತೊಬ್ಬರು ಆರೋಗ್ಯಕೇಂದ್ರದಲ್ಲಿ ದಾದಿಯಾಗಿ ದುಡಿದವರು. ನಿವೃತ್ತಿಯಾದ ಮೇಲೆ, ಮಗನಿಗೆ ಬೆಂಗಳೂರಿನಲ್ಲಿ ನೆಲೆಯಾಯಿತು, ತೆಂಗಿನ ತೋಟವನ್ನು ತಮ್ಮನು ನೋಡಿಕೊಳ್ಳುತ್ತಾನೆ, ಕೈಕಾಲು ಇನ್ನೂ ಆಡುತ್ತಿವೆ, ಎಲ್ಲಿಯಾದರೂ ಹೋಗಿ ಸ್ವಲ್ಪ ಸೇವೆಯನ್ನು ಮಾಡೋಣವೆಂಬ ಹುಮ್ಮಸ್ಸು ಹುಟ್ಟಿತು. ಒಂದು ಸೇವಾಸಂಸ್ಥೆಯ ಮೂಲಕ ಸ್ವಯಂಸೇವಕರಾಗಿ 2019ರ ಅಕ್ಟೋಬರಿನಲ್ಲಿ ಹೊರಟೆವು. ಆಗ ನಮ್ಮ ಮನಸ್ಸಿನಲ್ಲಿದ್ದ ಗರ್ವವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ನಾವು ಕೊಡಲು ಹೋಗುವವರು, ಅವರು ತೆಗೆದುಕೊಳ್ಳುವವರು ಎಂದೇ ನಾವು ಎಣಿಸಿದ್ದೆವು.

ನಮ್ಮ ಸೀಮೆಯನ್ನು ಬಲ್ಲದ ವಾಚಕರಿಗೆ ಒಂದು ಮಾತು. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟ, ಮಂಜು, ಮಳೆ ನೆನಪಿಗೆ ಬರುವುದು ಸಹಜ. ಕಡೂರು ತಾಲ್ಲೂಕಿನ ನಮ್ಮ ಹೋಬಳಿಯಾದರೋ ಬಯಲುಸೀಮೆ. ರಾಗಿ, ತೆಂಗು, ಕುರಿಯ ಹಿಂಡು, ಮಳೆ ಬಂದರೆ ಬದುಕು, ಬಾರದಿದ್ದರೆ ಬೋರ್‌ವೆಲ್ಲಿನ ಬಾಯಿಯನ್ನು ನೋಡುತ್ತ ಕುಳಿತುಕೊಳ್ಳುವುದು. ಊರಿನ ಹೆಸರಿನಲ್ಲಿಯೇ ಚೌಳು ಇದೆ. ವೇದಾವತಿಯು ತಾಲ್ಲೂಕಿನಲ್ಲಿ ಹರಿಯುವ ನದಿಯೆಂದು ಪುಸ್ತಕದಲ್ಲಿ ಓದುವೆವು; ವರ್ಷದ ಬಹುಭಾಗದಲ್ಲಿ ನಾವು ಕಾಣುವುದು ಅದರ ಮರಳನ್ನು ಮಾತ್ರ. ಒಂದು ಕೊಡ ನೀರಿನಲ್ಲಿ ಏನೇನು ಮಾಡಬಹುದೆಂಬ ವಿದ್ಯೆಯನ್ನು ನಮ್ಮ ಕಡೆಯ ಹೆಂಗಸರು ಬಾಲ್ಯದಲ್ಲಿಯೇ ಕಲಿಯುವರು. ಈ ವಿದ್ಯೆಗೆ ಬೆಲೆಯುಂಟೆಂದು ನಾವು ಎಂದೂ ತಿಳಿದವರಲ್ಲ.

ಸೇಂಟ್ ವಿನ್ಸೆಂಟ್ ಮತ್ತು ಅದಕ್ಕೆ ಸೇರಿದ ಗ್ರೆನಡೀನ್ ಎಂಬ ಕಿರುದ್ವೀಪಗಳು ಕೂಡಿ ಒಂದು ಸ್ವತಂತ್ರ ರಾಷ್ಟ್ರ. ವಿಸ್ತೀರ್ಣ 389 ಚದರ ಕಿಲೋಮೀಟರು. ನಮ್ಮ ಜಿಲ್ಲೆಯೊಂದರಲ್ಲಿಯೇ ಅಂತಹ ಹದಿನೆಂಟು ರಾಷ್ಟ್ರಗಳು ಹಿಡಿಯುವುವು. ಜನಸಂಖ್ಯೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ರಾಜಧಾನಿಯು ದಕ್ಷಿಣದಲ್ಲಿರುವ ಕಿಂಗ್ಸ್‌ಟೌನ್. ಉತ್ತರದಲ್ಲಿ ಲಾ ಸೂಫ್ರಿಯೇರ್ ಎಂಬ ಅಗ್ನಿಪರ್ವತ. ಎತ್ತರವು 1,234 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಅದು ತಮ್ಮನಾಗುವುದು. ಆದರೆ ನಮ್ಮ ಗಿರಿಯು ಯಾರ ಮೇಲೂ ಬೆಂಕಿಯನ್ನು ಉಗುಳಿದುದಿಲ್ಲ. ನಾವು ಮುಟ್ಟಿದ ತಿಂಗಳಿನ 27ನೆಯ ತಾರೀಖು ಅವರ ನಲವತ್ತನೆಯ ಸ್ವಾತಂತ್ರ್ಯೋತ್ಸವ. ನೀಲಿ, ಹಳದಿ, ಹಸುರು ಬಾವುಟಗಳು ಗೂಡಂಗಡಿಗಳ ಮೇಲೆಯೂ ಹಾರುತ್ತಿದ್ದುವು.

ಮೊದಲ ವಾರದಲ್ಲಿಯೇ ನಮಗೆ ಮೊದಲ ಪಾಠವಾಯಿತು. ಅಲ್ಲಿ ಊರಿಂದೂರಿಗೆ ಓಡಾಡುವುದು ಸಣ್ಣ ವ್ಯಾನುಗಳಲ್ಲಿ. ಅವುಗಳಲ್ಲಿ ಹಾಡಿನ ಅಬ್ಬರವು ಎದೆಗೆ ಬಂದು ಬಡಿಯುವುದು. ನಾವು ಒಂದು ವ್ಯಾನನ್ನು ಹತ್ತಿ, ನಮ್ಮ ಊರಿನ ಬಸ್ಸಿನಲ್ಲಿ ಮಾಡುವಂತೆ, ಯಾರ ಮುಖವನ್ನೂ ನೋಡದೆ ಜಾಗವನ್ನು ಹುಡುಕಿ ಕುಳಿತೆವು. ಹಿಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಮುಂದಕ್ಕೆ ಬಾಗಿ, “ನಿಮ್ಮ ದೇಶದಲ್ಲಿ ಬೆಳಗಾಗುವುದಿಲ್ಲವೋ?” ಎಂದು ಕೇಳಿದರು. ನಮಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು: ವ್ಯಾನನ್ನು ಹತ್ತಿದರೂ, ಅಂಗಡಿಗೆ ಕಾಲಿಟ್ಟರೂ, ವೈದ್ಯರ ಕೋಣೆಯ ಮುಂದೆ ಸಾಲಿನಲ್ಲಿ ಕುಳಿತರೂ, ಮೊದಲು ಇದ್ದವರೆಲ್ಲರಿಗೂ ಕೇಳಿಸುವಂತೆ “ಗುಡ್ ಮಾರ್ನಿಂಗ್” ಎಂದು ಹೇಳಿಯೇ ಮುಂದಿನ ಮಾತು. ಹೇಳದವನು ಎಷ್ಟು ಓದಿದವನಾದರೂ ಮನೆಯಲ್ಲಿ ತಿದ್ದಿಸಿಕೊಳ್ಳದವನು. ಅಂದು ನಾವು ಅರುವತ್ತರ ವಯಸ್ಸಿನಲ್ಲಿ ಎದ್ದು ನಿಂತು, ಶಾಲೆಯ ಮಕ್ಕಳಂತೆ ಎಲ್ಲರಿಗೂ ವಂದಿಸಿದೆವು. ವ್ಯಾನು ಪೂರ್ತಿ ಒಂದೇ ಕಂಠದಿಂದ ಪ್ರತಿವಂದನೆ ಮಾಡಿತು.

ನಮ್ಮನ್ನು ನೇಮಿಸಿದುದು ಪೂರ್ವತೀರದ ಉತ್ತರದಲ್ಲಿರುವ ಜಾರ್ಜ್‌ಟೌನ್ ಎಂಬ ಊರಿಗೆ. ಕಪ್ಪು ಮರಳಿನ ಕಡಲತೀರ, ತೆಂಗಿನ ಮರಗಳು, ಬೆನ್ನಿಗೆ ಬೆಟ್ಟ. ಊರಿನಿಂದ ಸ್ವಲ್ಪ ಉತ್ತರಕ್ಕೆ ರಬಾಕಾ ಎಂಬ ಒಣಹೊಳೆ. ಕಲ್ಲು ಮರಳು ತುಂಬಿದ ಅಗಲವಾದ ಪಾತ್ರ, ಮೇಲೆ ಹನಿ ನೀರಿಲ್ಲ. ಹಳೆಯ ಅಗ್ನಿಪರ್ವತದ ಕಲ್ಲುಪುಡಿಯು ಪಾತ್ರದಲ್ಲಿ ತುಂಬಿಕೊಂಡಿರುವುದರಿಂದ ನೀರು ಅಡಿಯಲ್ಲಿಯೇ ಇಂಗಿ ಹರಿಯುವುದು. ಬೆಟ್ಟದಲ್ಲಿ ಜಡಿಮಳೆಯಾದರೆ ಮಾತ್ರ ಒಮ್ಮೆಲೇ ಕೆಸರಿನ ಪ್ರವಾಹವಾಗಿ ನುಗ್ಗುವುದು. ಅದನ್ನು ಕಂಡೊಡನೆ ನಮಗೆ ವೇದಾವತಿಯ ನೆನಪಾಗಿ, ಪರದೇಶದಲ್ಲಿ ನೆಂಟರನ್ನು ಕಂಡಂತೆ ಸಂತೋಷವಾಯಿತು.

ನಮಗೆ ಮನೆ ಕೊಟ್ಟವರು ಎಪ್ಪತ್ತೈದು ದಾಟಿದ ಒಬ್ಬ ವಿಧವೆ. ಅವರ ಹೆಸರು ಬೇಡ. ನಾವು “ಅಜ್ಜಿ” ಎಂದು ಕರೆಯುತ್ತಿದ್ದೆವು, ಅವರು ಆ ಮಾತಿನ ಅರ್ಥವನ್ನು ಕೇಳಿ ತಿಳಿದು, ಒಪ್ಪಿಕೊಂಡರು. ಮುಂದಿನ ಮನೆ ಅವರದು, ಹಿಂದಿನ ಎರಡು ಕೋಣೆ ನಮ್ಮವು, ನಡುವೆ ಹಿತ್ತಿಲು, ಹಿತ್ತಿಲಿನಲ್ಲಿ ಎರಡು ಆಡು, ಒಂದು ದೀವಿಹಲಸಿನ ಮರ. ಈ ದೀವಿಹಲಸು ನಮ್ಮ ಕರಾವಳಿಯವರಿಗೆ ಗೊತ್ತು, ಬಯಲುಸೀಮೆಯವರಾದ ನಮಗೆ ಹೊಸದು. ಗುಲಾಮರ ಹೊಟ್ಟೆಗೆ ಅಗ್ಗದ ಆಹಾರವಾಗಲೆಂದು ಬ್ಲೈ ಎಂಬ ಕಪ್ತಾನನು 1793ರಲ್ಲಿ ಪೆಸಿಫಿಕ್ ಸಾಗರದಿಂದ ಅದರ ಸಸಿಗಳನ್ನು ಹಡಗಿನಲ್ಲಿ ಈ ದ್ವೀಪಕ್ಕೆ ತಂದನು. ಇಂದು ಅದನ್ನು ಇಡಿಯಾಗಿ ಬೆಂಕಿಯಲ್ಲಿ ಸುಟ್ಟು ಸಿಪ್ಪೆ ಕೆರೆದು ತಿನ್ನುವುದು ಆ ರಾಷ್ಟ್ರದ ಹೆಮ್ಮೆಯ ಭೋಜನ. ಅಜ್ಜಿಯವರು ನಮಗಾಗಿ ಮೀನಿಲ್ಲದ ಎಡೆಯನ್ನು ಬೇರೆಯಾಗಿ ಇಡುತ್ತಿದ್ದರು.

ಮತ್ತೊಂದು ಸಂಗತಿಯನ್ನು ಕೇಳಿದರೆ ನಮ್ಮ ಗೃಹಿಣಿಯರಿಗೆ ಆಶ್ಚರ್ಯವಾದೀತು. ಮಗುವಿಗೆ ಹೊಟ್ಟೆ ಕೆಟ್ಟರೆ, ಮನೆಯಲ್ಲಿ ಜ್ವರದವರಿದ್ದರೆ, ನಮ್ಮ ಹಿರಿಯರು ಕಾಸಿ ಕೊಡುತ್ತಿದ್ದ ಆರಾರೂಟಿನ ಗಂಜಿಯನ್ನು ಯಾರು ಅರಿಯರು? ಆ ಆರಾರೂಟಿನ ಬೆಳೆಗೆ ಒಂದು ಕಾಲದಲ್ಲಿ ಲೋಕಕ್ಕೆಲ್ಲ ಹೆಸರಾದುದು ಇದೇ ದ್ವೀಪ. ಉತ್ತರದ ಬೆಟ್ಟದ ಇಳಿಜಾರುಗಳಲ್ಲಿ ಅದರ ಗೆಡ್ಡೆಯನ್ನು ಕಿತ್ತು, ತೊಳೆದು, ಅರೆದು, ಹಿಟ್ಟನ್ನು ಇಳಿಸುವರು. ನಮ್ಮ ತಾಯಂದಿರು ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದ ಆ ಬಿಳಿಯ ಹಿಟ್ಟಿನ ಗಿಡವನ್ನು ನಾವು ಅಲ್ಲಿ ಹೊಲದಲ್ಲಿ ನಿಂತು ಮುಟ್ಟಿ ನೋಡಿದೆವು.

ಅಲ್ಲಿ ನಮ್ಮವರ ಕಥೆಯೂ ಇದೆ. ಗುಲಾಮಗಿರಿಯು ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ, ಕರಾರಿನ ಕೂಲಿಗಳನ್ನು ಹಿಂದೂಸ್ಥಾನದಿಂದ ತರಿಸಿದರು. ‘ಟ್ರಾವಂಕೂರ್’ ಎಂಬ ಹಡಗು ಮದರಾಸಿನಿಂದ ಸುಮಾರು 260 ಮಂದಿಯನ್ನು ಹೊತ್ತು 1861ರ ಜೂನ್ 1ರಂದು ಆ ದ್ವೀಪಕ್ಕೆ ಬಂದು ಮುಟ್ಟಿತು. ಅವರ ಸಂತತಿಯವರು ಇಂದಿಗೂ ಇರುವರು. ಭಾಷೆಯು ಹೋಗಿದೆ, ಹೆಸರುಗಳು ಬಹುಮಟ್ಟಿಗೆ ಹೋಗಿವೆ, ಅರಿಸಿನದ ಸಾರಿನ ವಾಸನೆ ಮಾತ್ರ ಉಳಿದಿದೆ. ದ್ವೀಪದ ಮೂಲನಿವಾಸಿಗಳಾದ ಕೆರಿಬ್ ಜನರ ಕಥೆಯಾದರೋ ಇನ್ನೂ ದುಃಖಕರ. ಅವರ ನಾಯಕನಾದ ಚಟೊಯರ್ ಬ್ರಿಟಿಷರೊಡನೆ ಹೋರಾಡಿ 1795ರ ಮಾರ್ಚ್ 14ರಂದು ಮಡಿದನು. 1797ರಲ್ಲಿ ಆ ಜನರಲ್ಲಿ ಬದುಕಿ ಉಳಿದವರ ಬಹುಭಾಗವನ್ನು ಹಡಗಿಗೆ ತುಂಬಿ, ದೂರದ ರೊವಾಟಾನ್ ದ್ವೀಪದಲ್ಲಿ ಇಳಿಸಿ ಬಂದರು. ತಪ್ಪಿಸಿಕೊಂಡು ಉತ್ತರದ ಬೆಟ್ಟದ ಮೂಲೆಯಲ್ಲಿ ಉಳಿದ ಕೆಲವರ ವಂಶದವರು ನಮ್ಮ ಅಜ್ಜಿ.

ಡಿಸೆಂಬರ್ ಬಂದಿತು. ಆ ತಿಂಗಳ 16ನೆಯ ತಾರೀಖಿನಿಂದ 24ರವರೆಗೆ, ಕ್ರಿಸ್‌ಮಸ್ಸಿನ ಮುಂಚಿನ ಒಂಬತ್ತು ದಿನ, ಆ ದ್ವೀಪದವರು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಬೀದಿಗೆ ಬರುವರು. ದೀಪ, ಹಾಡು, ಕುಣಿತ, ಹುಡುಗರ ಸೈಕಲ್ ಸವಾರಿ, ಕತ್ತಲೆಯಲ್ಲಿಯೇ ಸಮುದ್ರಸ್ನಾನ. ‘ಒಂಬತ್ತು ಬೆಳಗುಗಳು’ ಎಂದು ಇದಕ್ಕೆ ಹೆಸರು; ಬೇರೆ ದ್ವೀಪಗಳಲ್ಲಿ ಈ ಆಚಾರವಿಲ್ಲವೆಂದು ಅವರು ಹೆಮ್ಮೆಯಿಂದ ಹೇಳುವರು. ನಮಗಾದರೋ 16ನೆಯ ತಾರೀಖು ಎಂದರೆ ಧನುರ್ಮಾಸದ ಆರಂಭ. ಊರಿನಲ್ಲಿ ಅದೇ ಚಳಿಯಲ್ಲಿ ಎದ್ದು ಸ್ನಾನ ಮಾಡಿ, ನಕ್ಷತ್ರವಿರುವಾಗಲೇ ಪೂಜೆಯನ್ನು ಮುಗಿಸಿ, ಹುಗ್ಗಿಯ ಪ್ರಸಾದಕ್ಕೆ ಕೈ ಒಡ್ಡುವ ಕಾಲ. ನಾವು ಅಲ್ಲಿಯೂ ನಾಲ್ಕು ಗಂಟೆಗೆ ಎದ್ದುದನ್ನು ಕಂಡು ಅಜ್ಜಿಯವರು, “ನಿಮಗೆ ಇದನ್ನು ಯಾರು ಹೇಳಿಕೊಟ್ಟರು?” ಎಂದು ಬೆರಗಾದರು. ಅಕ್ಕಿ, ಬೇಳೆ, ಮೆಣಸು ಹಾಕಿ ಹುಗ್ಗಿ ಮಾಡಿ ಕೊಟ್ಟೆವು. ಒಂಬತ್ತು ದಿನವೂ ಬೀದಿಗೆ ಬಂದವರು ನಮ್ಮ ಬಾಗಿಲಿನಲ್ಲಿ ಒಂದೊಂದು ತುತ್ತು ಹುಗ್ಗಿ ತಿಂದು ಹೋದರು.

2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಲೋಕವೆಲ್ಲ ಬಾಗಿಲನ್ನು ಹಾಕಿತು. ಅಮೇರಿಕೆಯ ಪೀಸ್ ಕೋರ್ ಸಂಸ್ಥೆಯವರು ಲೋಕದ ಎಲ್ಲ ಕಡೆಗಳಿಂದಲೂ ತಮ್ಮ ಸ್ವಯಂಸೇವಕರನ್ನು ಹಿಂದಕ್ಕೆ ಕರೆಸಿಕೊಂಡರು. ನಾವು ಬರಬೇಕೆಂದರೂ ಭಾರತಕ್ಕೆ ವಿಮಾನಗಳು ನಿಂತುಹೋಗಿದ್ದುವು. ಹೋಗಲಾರದೆ ಉಳಿದವರನ್ನು ಉಳಿಯಬೇಕೆಂದು ಉಳಿದವರೆಂದು ಜನರು ಭಾವಿಸಿ, ನಮ್ಮಲ್ಲಿ ಹೆಚ್ಚಾದ ಪ್ರೀತಿಯನ್ನು ಇಟ್ಟರು. ಆ ತಪ್ಪು ತಿಳಿವಳಿಕೆಯನ್ನು ನಾವು ತಿದ್ದಲಿಲ್ಲ. ಮುಂದಿನ ವರ್ಷ ಭಾರತದಿಂದ ಲಸಿಕೆಯ ಸೀಸೆಗಳು ಬಂದಾಗ, ಅವನ್ನು ನಾವೇ ಹೊತ್ತು ತಂದೆವೋ ಎಂಬಂತೆ ದಾರಿಯಲ್ಲಿ ಕಂಡವರು ನಮಗೆ ವಂದನೆಯನ್ನು ಹೇಳಿದರು.

ಇಷ್ಟರಲ್ಲಿ ಬೆಟ್ಟವು ಎಚ್ಚರಗೊಂಡಿತು. 2020ರ ಡಿಸೆಂಬರ್ ಕೊನೆಯ ವಾರದಲ್ಲಿ ಅದರ ಬಾಯಿಯೊಳಗೆ ಹೊಸ ಶಿಲಾರಸವು ಉಕ್ಕಿ ಗುಡ್ಡೆಕಟ್ಟತೊಡಗಿದುದು ಕಂಡುಬಂದಿತು. ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದ ಭೂಕಂಪಶಾಸ್ತ್ರಜ್ಞರು ಬಂದು ನೆಲೆಸಿ, ಯಂತ್ರಗಳನ್ನು ಇಟ್ಟು, ದಿನದಿನವೂ ರೇಡಿಯೋದಲ್ಲಿ ಜನರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿದರು. ಜನರು ಕೇಳಿದರು. ಅವರು ಕೇಳಿದುದಕ್ಕೆ ಕಾರಣವುಂಟು: 1902ರ ಮೇ 7ರಂದು ಇದೇ ಬೆಟ್ಟವು ಸಿಡಿದು ಸುಮಾರು 1,600 ಮಂದಿ ಸತ್ತರು, ಅವರಲ್ಲಿ ಕೆರಿಬ್ ಜನರು ಬಹಳ. ಮರುದಿನವೇ ಸಮೀಪದ ಮಾರ್ಟಿನೀಕ್ ದ್ವೀಪದಲ್ಲಿ ಪೆಲೇ ಬೆಟ್ಟವು ಸಿಡಿದು ಸೇಂಟ್ ಪಿಯೇರ್ ಎಂಬ ಪಟ್ಟಣವೇ ಇಲ್ಲವಾಯಿತು. 1979ರ ಏಪ್ರಿಲ್ 13ರಂದು, ಗುಡ್ ಫ್ರೈಡೇ ದಿನ, ಸೂಫ್ರಿಯೇರ್ ಮತ್ತೆ ಸಿಡಿದಾಗ ಜನರು ಮೊದಲೇ ಓಡಿ ಪಾರಾದರು. ಅಜ್ಜಿಯವರಿಗೆ ಮೊದಲನೆಯದು ಅವರ ಅಜ್ಜಿಯು ಹೇಳಿದ ಕಥೆ, ಎರಡನೆಯದು ಸ್ವಂತ ಅನುಭವ.

2021ರ ಏಪ್ರಿಲ್ 8, ಗುರುವಾರ. ಸಂಜೆಯ ಹೊತ್ತಿಗೆ ಪ್ರಧಾನಮಂತ್ರಿಗಳ ಆಜ್ಞೆಯು ರೇಡಿಯೋದಲ್ಲಿ ಬಂದಿತು: ಅಪಾಯದ ವಲಯದವರೆಲ್ಲರೂ ಕೂಡಲೇ ಹೊರಡತಕ್ಕದ್ದು. ಜಾರ್ಜ್‌ಟೌನ್ ಆ ವಲಯದಲ್ಲಿತ್ತು. ಅಜ್ಜಿಯವರು ಮೂಟೆಯನ್ನು ಮೂರು ತಿಂಗಳಿನಿಂದಲೂ ಕಟ್ಟಿ ಇಟ್ಟಿದ್ದರು. ಮೊಮ್ಮಗಳೂ ಅವಳ ಕೈಕೂಸೂ ಹೊರಟ ವ್ಯಾನಿನಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು. ಅದರಲ್ಲಿ ಅವರನ್ನು ಕೂರಿಸಿದೆವು. ಕಿಟಕಿಯಿಂದ ಕೈಯನ್ನು ಚಾಚಿ ಅವರು ಹೇಳಿದುದು ಒಂದೇ ಮಾತು: “ಆಡುಗಳ ಹಗ್ಗ ಬಿಚ್ಚಿಬಿಡಿ.” ನಾವು ಆಗಲೆಂದೆವು. ಒಳಗೆ ಹೋದೆವು. ಪಾಸ್‌ಪೋರ್ಟು, ಪಿಂಚಣಿಯ ಕಾಗದ, ಔಷಧ, ಲ್ಯಾಪ್‌ಟಾಪ್, ಮಗನು ಕಳುಹಿಸಿದ ಶಾಲು, ದೇವರ ಪಟ ಇವನ್ನೆಲ್ಲ ಒಂದೊಂದಾಗಿ ನೆನೆದು ನೆನೆದು ಚೀಲಕ್ಕೆ ಹಾಕಿದೆವು. ಮುಂದಿನ ವ್ಯಾನು ಬಂದು ಹಾರನ್ ಮಾಡಿತು. ಓಡಿಹೋಗಿ ಹತ್ತಿದೆವು. ಕತ್ತಲೆಯಲ್ಲಿ ವಾಹನಗಳ ಸಾಲು ಇರುವೆಯಂತೆ ದಕ್ಷಿಣಕ್ಕೆ ಹರಿಯಿತು. ಬೆಟ್ಟದ ಕಡೆ ತಿರುಗಿ ನೋಡಿದೆವು. ಹಿತ್ತಿಲಿನ ಕಡೆ ತಿರುಗಿ ನೋಡಲಿಲ್ಲ.

ದಕ್ಷಿಣದ ಒಂದು ಶಾಲೆಯಲ್ಲಿ ನಮಗೆ ಆಶ್ರಯ. ಅಜ್ಜಿಯವರೂ ಅಲ್ಲಿಗೇ ಬಂದಿದ್ದರು. ಮರುದಿನ ಶುಕ್ರವಾರ ಬೆಳಗ್ಗೆ ಎಂಟು ಗಂಟೆ ನಲವತ್ತೊಂದು ನಿಮಿಷಕ್ಕೆ ಬೆಟ್ಟವು ಸಿಡಿಯಿತು. ಉತ್ತರದ ಆಕಾಶದಲ್ಲಿ ಬೂದುಬಣ್ಣದ ಹೂಕೋಸಿನಂತಹ ಒಂದು ಮೋಡವು ಎದ್ದು ಎದ್ದು ನಿಂತಿತು. ನಮ್ಮ ದೇಶದಲ್ಲಿ ಆಗ ಸಂಜೆ ಆರು ದಾಟಿ ದೀಪ ಹಚ್ಚುವ ಹೊತ್ತು, ಸ್ವಲ್ಪ ಹೊತ್ತಿನಲ್ಲಿಯೇ ಮಗನು ಟೆಲಿಫೋನಿನಲ್ಲಿ ಅಳುದನಿಯಿಂದ, “ಅಪ್ಪಾ, ಅಮ್ಮಾ, ಇದ್ದೀರಾ?” ಎಂದನು. ಇದ್ದೇವೆಂದೆವು. ಅಷ್ಟರಲ್ಲಿ ಅಜ್ಜಿಯವರು ಹತ್ತಿರ ಬಂದು ಮೆಲ್ಲನೆ ಕೇಳಿದರು: “ಬಿಚ್ಚಿದಿರಲ್ಲವೆ?”

ಆಗ ನೆನಪಾಯಿತು. ನಮ್ಮ ಎದೆ ಒಡೆದುಹೋಯಿತು. ಬಾಯಿ ಮಾತ್ರ, “ಬಿಚ್ಚಿದೆವು” ಎಂದಿತು.

ವಾಚಕರೇ, ಅಮೃತಮಹಲ್ ದನಗಳ ಸೀಮೆಯಲ್ಲಿ ಹುಟ್ಟಿದವರು ನಾವು. ಅಜ್ಜಂಪುರದ ತಳಿಕೇಂದ್ರವು ನಮಗೆ ದೂರವಲ್ಲ. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಮೊದಲು ಕಣ್ಣಿ ಬಿಚ್ಚು, ಆಮೇಲೆ ನೀರು ತಾ ಎಂಬುದನ್ನು ತಂದೆಯವರು ನಮಗೆ ಅಕ್ಷರಾಭ್ಯಾಸಕ್ಕೆ ಮೊದಲೇ ಹೇಳಿಕೊಟ್ಟಿದ್ದರು. ಬಿಚ್ಚಿದ ದನವು ತನ್ನ ದಾರಿಯನ್ನು ತಾನು ಹುಡುಕಿಕೊಳ್ಳುವುದು. ಕಟ್ಟಿದ ದನಕ್ಕೆ ದಾರಿಯಿಲ್ಲ. ಅಷ್ಟು ತಿಳಿದವರು ಮರೆತೆವು. ಮರೆತುದನ್ನು ಮುಚ್ಚಲು ಸುಳ್ಳನ್ನೂ ಆಡಿದೆವು. ಹಿಂದಕ್ಕೆ ಹೋಗುವಂತಿರಲಿಲ್ಲ, ದಾರಿಯಲ್ಲಿ ಪೋಲೀಸರ ಕಾವಲು, ಮೇಲೆ ಬೂದಿಯ ಮಳೆ.

ಆ ಬೂದಿಯನ್ನು ಕುರಿತು ಎರಡು ಮಾತು. ಅದು ಒಲೆಯ ಬೂದಿಯಲ್ಲ. ನುಣ್ಣಗೆ ಪುಡಿಯಾದ ಕಲ್ಲು ಮತ್ತು ಗಾಜು. ನೀರಿನಲ್ಲಿ ಕರಗದು, ನೆನೆದರೆ ಗಾರೆಯಂತೆ ಭಾರವಾಗಿ ಮಾಡನ್ನೇ ಕುಸಿಯಿಸುವುದು. ಆದುದರಿಂದ ಮಳೆ ಬರುವುದಕ್ಕೆ ಮೊದಲೇ ಮೇಲೆ ಹತ್ತಿ ಗುಡಿಸಬೇಕು. ಊರಿನ ಅಭ್ಯಾಸದಂತೆ ನಾವು ಒಂದು ಪಾತ್ರೆಯನ್ನು ಅದರಿಂದ ಬೆಳಗಿ ನೋಡಿದೆವು. ಪಾತ್ರೆಯು ಗೀಚಿ ಗೀಚಿ ಹಾಳಾಯಿತು. ಗಾಳಿಯು ಬೂದಿಯನ್ನು ಪೂರ್ವದ ಬಾರ್ಬಡೋಸಿನವರೆಗೂ ಹೊತ್ತು, ಅಲ್ಲಿ ಹಗಲನ್ನು ಇರುಳು ಮಾಡಿತು. ಗಂಧಕದ ನಾತವು ಮೂಗನ್ನು ಬಿಡಲಿಲ್ಲ. ಸುಮಾರು ಹದಿನಾರರಿಂದ ಇಪ್ಪತ್ತು ಸಾವಿರ ಜನರು ಮನೆಯನ್ನು ಬಿಟ್ಟಿದ್ದರು. ಸಿಡಿತಗಳು ಏಪ್ರಿಲ್ 22ರವರೆಗೂ ಆದುವು. ಆದರೂ ಸಿಡಿತದಿಂದ ನೇರವಾಗಿ ಒಂದು ಮನುಷ್ಯಪ್ರಾಣವೂ ಹೋಗಲಿಲ್ಲ. ಶಾಸ್ತ್ರಜ್ಞರು ಹೊತ್ತಿಗೆ ಸರಿಯಾಗಿ ಹೇಳಿದುದೂ ಜನರು ಹೇಳಿದಂತೆ ಕೇಳಿದುದೂ ಇದಕ್ಕೆ ಕಾರಣ.

ತೊಂದರೆಯಾದುದು ನೀರಿಗೆ. ಬೆಟ್ಟದ ತೊರೆಗಳೆಲ್ಲ ಬೂದಿಯಿಂದ ತುಂಬಿ, ಕೊಳಾಯಿಗಳು ನಿಂತುವು. ನೆರೆಯ ದ್ವೀಪಗಳಿಂದ ಹಡಗಿನಲ್ಲಿ ನೀರು ಬರುವುದಾಯಿತು. ವರ್ಷವೆಲ್ಲ ಹಸುರಾಗಿರುವ ನೆಲದಲ್ಲಿ ಹುಟ್ಟಿದ ಆ ಜನರಿಗೆ ನೀರಿಲ್ಲದೆ ಬಾಳುವುದು ತಿಳಿಯದು. ನಮ್ಮ ಶಾಲೆಯಲ್ಲಿ ತೊಂಬತ್ತೆರಡು ಮಂದಿಗೆ ದಿನಕ್ಕೆ ಎರಡು ಪೀಪಾಯಿ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಬರಿದಾದುವು. ಮರುದಿನ ನಾವು ಅವುಗಳ ಬಳಿ ಕುಳಿತೆವು. ಡಬ್ಬಿಗಳನ್ನು ಕತ್ತರಿಸಿ ಚೊಂಬಿನಂತೆ ಮಾಡಿಕೊಂಡೆವು. ಎತ್ತರದಿಂದ ಸಣ್ಣಗೆ ಸುರಿದು ಒಂದು ಡಬ್ಬಿಯಲ್ಲಿ ಕೈಕಾಲು ಮುಖ ತೊಳೆಯುವುದು. ಲೋಟಕ್ಕೆ ತುಟಿ ತಗುಲಿಸದೆ ಮೇಲಿನಿಂದ ಕುಡಿಯುವುದು, ಆಗ ಒಂದೇ ಲೋಟವನ್ನು ಪದೇ ಪದೇ ತೊಳೆಯಬೇಕಾಗಿಲ್ಲ. ತರಕಾರಿ ತೊಳೆದ ನೀರಿನಲ್ಲಿ ತಟ್ಟೆಯ ಮೊದಲ ತೊಳೆತ. ಅದು ತಿಳಿಯಾದ ಮೇಲೆ ನೆಲಕ್ಕೆ, ಕೊನೆಗೆ ಕಕ್ಕಸಿಗೆ. ಹೀಗೆ ಒಂದೇ ನೀರಿಗೆ ನಾಲ್ಕು ಕೆಲಸ. ಮೂರನೆಯ ದಿನ ಸಂಜೆಗೆ ಒಂದು ಪೀಪಾಯಿಯ ಕಾಲು ಭಾಗ ಮಿಕ್ಕಿತು. ಒಂದೂವರೆ ವರ್ಷ ನಾವು ಹೇಳಿಕೊಟ್ಟ ಬೀಜಗಣಿತವನ್ನು ಯಾರೂ ಹೊಗಳಿರಲಿಲ್ಲ. ಈ ಕಾಲು ಪೀಪಾಯಿಯನ್ನು ಕಂಡು ಕೈ ಹಿಡಿದು ಕುಲುಕಿದರು. ಚೌಳುನೆಲದ ನಮ್ಮ ತಾಯಂದಿರ ಬಡತನದ ವಿದ್ಯೆಯು ಅಲ್ಲಿ ಉಪಯೋಗಕ್ಕೆ ಬಂದಿತು. ಹೊಗಳಿಕೆಯು ಮಾತ್ರ ನಮಗೆ ಹಿತವಾಗಲಿಲ್ಲ. ಹಿತ್ತಿಲಿನ ಆಡುಗಳಿಗೆ ನೀರಿಟ್ಟವರಾರು?

ಏಪ್ರಿಲ್ 13, ಮಂಗಳವಾರ. ಅಂದು ಯುಗಾದಿ, ಶಾರ್ವರಿಯು ಕಳೆದು ಪ್ಲವ ಸಂವತ್ಸರ. ನಲವತ್ತೆರಡು ವರ್ಷಗಳ ಹಿಂದೆ ಇದೇ ತಾರೀಖು ಬೆಟ್ಟವು ಸಿಡಿದಿತ್ತೆಂದು ಶಾಲೆಯಲ್ಲಿ ಹಿರಿಯರು ಮಾತನಾಡಿಕೊಳ್ಳುತ್ತಿದ್ದರು. ಪರದೇಶದಲ್ಲಾದರೂ ಹಬ್ಬದ ದಿನ ಬೇವು ಬೆಲ್ಲವಿಲ್ಲದೆ ಇರಲು ಮನಸ್ಸು ಬಾರದು. ಕಂದು ಸಕ್ಕರೆಯೇನೋ ಇತ್ತು. ಬೇವಿಗೆ ಏನು ಮಾಡುವುದು? ಕಹಿಯಾದ ಎಲೆ ಯಾವುದಾದರೂ ಸಿಕ್ಕೀತೆ ಎಂದು ವಿಚಾರಿಸುತ್ತಿರುವಾಗ ಅಜ್ಜಿಯವರು ತಮ್ಮ ಮೂಟೆಯನ್ನು ಬಿಚ್ಚಿ, ಒಣಗಿಸಿದ ಕಾಡುಹಾಗಲದ ಎಲೆಗಳನ್ನು ಹೊರಕ್ಕೆ ತೆಗೆದರು. ಅದನ್ನು ಕುದಿಸಿ ಕಷಾಯ ಮಾಡಿ ಕುಡಿಯುವುದು ಅವರ ಕಡೆಯ ಮನೆಮದ್ದು. ಎಲೆಯನ್ನು ಪುಡಿಮಾಡಿ ಸಕ್ಕರೆಯೊಡನೆ ಬೆರಸಿ, ಇದು ಬರುವ ವರ್ಷದ ಸುಖದುಃಖ, ಎರಡನ್ನೂ ಮುಖ ಸಿಂಡರಿಸದೆ ಒಟ್ಟಿಗೆ ತಿನ್ನಬೇಕೆಂದು ವಿವರಿಸಿ, ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದೆವು. ಮಕ್ಕಳು ಉಗುಳಿ ನಕ್ಕರು. ಅಜ್ಜಿಯವರು ನಿಧಾನವಾಗಿ ಅಗಿದು ನುಂಗಿ, “ನಮ್ಮ ಕಹಿ ಹೊರಗೆ ಬೀಳುತ್ತಿದೆ, ಎಲ್ಲರಿಗೂ ಕಾಣುತ್ತಿದೆ. ನಿಮ್ಮ ಕಹಿ ಯಾವುದು? ನಾಲ್ಕು ದಿನದಿಂದ ನೀವು ಊಟ ಮಾಡುತ್ತಿಲ್ಲ” ಎಂದರು.

ಅಂದು ನಾವು ನಿಜವನ್ನು ಹೇಳಿದೆವು. ಹಗ್ಗವನ್ನು ಬಿಚ್ಚಲಿಲ್ಲ, ಮರೆತೆವು, ಕೇಳಿದಾಗ ಸುಳ್ಳು ಹೇಳಿದೆವು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: 1979ರಲ್ಲಿ ಅವರೇ ತಮ್ಮ ಆಡುಗಳನ್ನು ಕಟ್ಟಿಹಾಕಿ ಹೋಗಿದ್ದರು. ಎರಡು ದಿನದಲ್ಲಿ ಹಿಂದಿರುಗುವೆವು, ಕಳ್ಳರ ಪಾಲಾಗಬಾರದೆಂದು ಗಂಟನ್ನು ಬಿಗಿಯಾಗಿ ಹಾಕಿದ್ದರು. ಬಂದು ನೋಡಿದಾಗ ಒಂದೂ ಉಳಿದಿರಲಿಲ್ಲ. “ಅದಕ್ಕಾಗಿಯೇ ಹೇಳಿದೆ” ಎಂದರು. ನಮ್ಮನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಹೋಗಿ ತಮ್ಮ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು. ಎರಡು ದಿನ ನಮ್ಮೊಡನೆ ಮಾತಿಲ್ಲ. ಮೂರನೆಯ ದಿನ ಬೆಳಗ್ಗೆ ನೀರಿನ ಸಾಲಿನಲ್ಲಿ ಬಂದು ನಿಂತು, ಡಬ್ಬಿಯನ್ನು ಮುಂದಕ್ಕೆ ಹಿಡಿದು, “ಗುಡ್ ಮಾರ್ನಿಂಗ್” ಎಂದರು. ಆ ಎರಡು ಶಬ್ದಗಳ ಬೆಲೆಯು ನಮಗೆ ಅಂದು ತಿಳಿಯಿತು.

ಮೇ ತಿಂಗಳ ಕೊನೆಗೆ ಹಗಲಿನಲ್ಲಿ ಹೋಗಿ ಮನೆಯನ್ನು ನೋಡಿ ಬರಲು ಸಾಧ್ಯವಾಯಿತು. ಜೊತೆಯಲ್ಲಿಯೇ ಹೋದೆವು. ಊರೆಲ್ಲ ಸಿಮೆಂಟಿನಲ್ಲಿ ಎರಕ ಹೊಯ್ದಂತಿತ್ತು. ದೀವಿಹಲಸಿನ ಕೊಂಬೆಗಳು ಭಾರಕ್ಕೆ ಮುರಿದು ಬಿದ್ದಿದ್ದುವು. ಆದರೂ ಬೂದಿಯ ಬಿರುಕಿನಿಂದ ಹುಲ್ಲು ತಲೆಯೆತ್ತಿತ್ತು. ಹಿತ್ತಿಲಿನಲ್ಲಿ ಒಂದು ಗೂಟದ ಹಗ್ಗವು ಸವೆದು ಹರಿದಿತ್ತು. ಆ ಆಡು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಮತ್ತೊಂದು ಗೂಟದ ಹಗ್ಗವು ಗಟ್ಟಿಯಾದುದು, ಹರಿದಿರಲಿಲ್ಲ. ಅದರ ತುದಿಯಲ್ಲಿ ಬೂದಿಯು ದಿಬ್ಬವಾಗಿತ್ತು.

ಗುದ್ದಲಿಯನ್ನು ತಂದು ನಾವೇ ಗುಂಡಿ ತೋಡಿದೆವು. ಗಟ್ಟಿಯಾದ ಬೂದಿಯಲ್ಲಿ ತೋಡುವುದಕ್ಕೆ ಮಧ್ಯಾಹ್ನದವರೆಗೂ ಹಿಡಿಯಿತು. ಅಜ್ಜಿಯವರು ಹಗ್ಗವನ್ನು ಬಿಚ್ಚಿ, ಧೂಳು ಕೊಡವಿ, ಸುರುಳಿಸುತ್ತಿ ಮಡಿಲಿನಲ್ಲಿ ಇಟ್ಟುಕೊಂಡರು. ಮಣ್ಣು ಮುಚ್ಚಿದ ಮೇಲೆ ನಮ್ಮ ಮುಖವನ್ನು ನೋಡಿ, “ಮುಂದಿನ ಸಲ ಮೊದಲು ಆಡು, ಆಮೇಲೆ ಕಾಗದ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಮುಂದಿನ ಸಲವೊಂದು ಇದೆಯೆಂದೂ ಆಗಲೂ ನಮಗೆ ಆಡುಗಳನ್ನು ಒಪ್ಪಿಸುವರೆಂದೂ ಅದರಲ್ಲಿ ಇತ್ತು. ನಾವು ಅತ್ತೆವು.

ಅದೇ ವರ್ಷದ ನವೆಂಬರಿನಲ್ಲಿ ಊರಿಗೆ ಹಿಂದಿರುಗಿದೆವು. ಹೊರಡುವಾಗ ನಮ್ಮ ಸಂಭಾವನೆಯಲ್ಲಿ ಉಳಿದುದರಿಂದ ಎರಡು ಮರಿಗಳನ್ನು ಕೊಂಡುಕೊಟ್ಟೆವು. ಅಜ್ಜಿಯವರು ಸಂತೋಷದಿಂದ ತೆಗೆದುಕೊಂಡರು. ಋಣ ತೀರಿತೆಂದು ಅವರೂ ಹೇಳಲಿಲ್ಲ, ನಾವೂ ತಿಳಿಯಲಿಲ್ಲ. ತಿಂಗಳಿಗೊಮ್ಮೆ ಟೆಲಿಫೋನಿನಲ್ಲಿ ಮಾತನಾಡುವೆವು. ಅಲ್ಲಿ ಬೆಳಗಾದಾಗ ನಮಗೆ ಸಂಜೆ. ಆದರೂ ಮೊದಲ ಮಾತು “ಗುಡ್ ಮಾರ್ನಿಂಗ್”. ಆಮೇಲೆ ಆಡುಗಳ ಕ್ಷೇಮಸಮಾಚಾರ. ಅದಾದ ಮೇಲೆ ಮನುಷ್ಯರದು.

ಅಲ್ಲಿ ಏನು ಕಂಡಿರೆಂದು ಕೇಳುವವರಿಗೆ ನಾವು ಇನ್ನು ಮುಂದೆ ಇಷ್ಟನ್ನು ಹೇಳುವೆವು. ಸೇವೆಗೆಂದು ಹೋಗುವವರು ತಮ್ಮ ದೊಡ್ಡ ವಿದ್ಯೆಯನ್ನು ಹೊತ್ತುಕೊಂಡು ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ಒಬ್ಬ ಮುದುಕಿಯು ಕಿಟಕಿಯಿಂದ ಕೈಚಾಚಿ ಹೇಳಿದ ಒಂದು ಚಿಕ್ಕ ಕೆಲಸವನ್ನು ಆಗಲೆಂದು ಒಪ್ಪಿದ ಮೇಲೆ, ಅದನ್ನು ಮೊದಲು ಮಾಡಿ, ಆಮೇಲೆ ತಮ್ಮ ಚೀಲವನ್ನು ಕಟ್ಟಲಿ. ನಮ್ಮ ಕೊಟ್ಟಿಗೆಯಲ್ಲಿ ಈಗ ಒಂದು ಹಸುವೂ ಕರುವೂ ಇವೆ. ರಾತ್ರಿ ಮಲಗುವುದಕ್ಕೆ ಮುಂಚೆ ದೀಪವನ್ನು ಹಿಡಿದು ಹೋಗಿ, ಕಣ್ಣಿಯ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿದೆಯೇ ಎಂದು ಮುಟ್ಟಿ ನೋಡಿ ಬರುವುದು ನಮ್ಮಿಬ್ಬರಲ್ಲಿ ಒಬ್ಬರ ಪಾಲಿನ ಕೆಲಸವಾಗಿದೆ.